ಅಂಗಡಿ ಕೆಲಸಕ್ಕೆ ಎಐ: ಏನನ್ನ ಒಪ್ಪಿಸಬಹುದು, ಏನನ್ನ ಕೈಯಲ್ಲೇ ಇಟ್ಕೋಬೇಕು?

(ಇದು ಸಂಚಿಕೆಯ ಲಿಖಿತ ರೂಪ. ಓದೋಕೆ ಅನುಕೂಲ ಆಗಲಿ ಅಂತ ಉಪಶೀರ್ಷಿಕೆಗಳನ್ನು ಸೇರಿಸಿದ್ದೇವೆ.)



ಇವತ್ತಿನ ವಿಷಯ ಎಐ. ಅದು ಜಗತ್ತನ್ನ ಬದಲಾಯಿಸುತ್ತಾ, ಎಲ್ಲರ ಕೆಲಸ ಕಿತ್ಕೊಳ್ಳುತ್ತಾ ಅನ್ನೋ ದೊಡ್ಡ ಚರ್ಚೆ ಇವತ್ತು ಬೇಡ. ಪ್ರಶ್ನೆ ಚಿಕ್ಕದು. ನಿಮ್ಮ ಅಪ್ಪನ ಹಾರ್ಡ್‌ವೇರ್ ಅಂಗಡಿ, ಅಕ್ಕನ ಟೈಲರಿಂಗ್, ಅಮ್ಮನ ಚಟ್ನಿಪುಡಿ ವ್ಯಾಪಾರ, ಇಂಥ ಕಡೆ ದಿನಾ ಮಾಡಿದ್ದನ್ನೇ ಮಾಡೋ ಕೆಲಸ ಇರುತ್ತಲ್ಲ, ಅದರಲ್ಲಿ ಎಷ್ಟನ್ನ ಎಐಗೆ ಕೊಡಬಹುದು? ಕೊಟ್ಟರೆ ಎಲ್ಲಿ ಕೈ ಸುಡುತ್ತೆ?

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಮನೆಯ ವ್ಯಾಪಾರದಲ್ಲಿ ಈ ನಿರ್ಧಾರ ತಗೊಳ್ಳೋದು ಹೆಚ್ಚಾಗಿ ನೀವೇ, ಅಂದ್ರೆ ಮನೆಯ ಹುಡುಗ ಹುಡುಗಿಯರು. ಯಾಕಂದ್ರೆ ಫೋನ್ ನಿಮಗೆ ಬರುತ್ತೆ. ಆದರೆ ತಪ್ಪಾದಾಗ ಗಿರಾಕಿ ಬಂದು ಕೇಳೋದು ನಿಮ್ಮನ್ನಲ್ಲ, ಕೌಂಟರ್‌ನಲ್ಲಿ ಕೂತಿರೋ ಅಪ್ಪನನ್ನೋ ಅಮ್ಮನನ್ನೋ. ಇದನ್ನ ನೆನಪಲ್ಲಿಟ್ಕೊಂಡು ಶುರು ಮಾಡೋಣ.

ರಾತ್ರಿ ಹತ್ತು ಗಂಟೆ, ನಲವತ್ತು ಮೆಸೇಜು

ಒಂದು ಉದಾಹರಣೆ ಇಟ್ಕೊಳ್ಳೋಣ. ಇದು ಕಲ್ಪಿಸಿಕೊಂಡ ಮನೆ, ಆದರೆ ಇಂಥ ಮನೆಗಳು ನಿಮಗೆ ಗೊತ್ತಿರುತ್ತವೆ. ಹುಬ್ಬಳ್ಳಿಯಲ್ಲಿ ಒಬ್ಬ ತಾಯಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಮಾರ್ತಾರೆ. ಸಹಾಯಕ್ಕೆ ಇಬ್ಬರು ಹೆಣ್ಣುಮಕ್ಕಳು ಬರ್ತಾರೆ. ಮಗ ಬಿ.ಕಾಂ ಎರಡನೇ ವರ್ಷ, ಸಂಜೆ ಫೋನ್ ಅವನ ಕೈಯಲ್ಲಿ. ದಿನಕ್ಕೆ ಸುಮಾರು ನಲವತ್ತು ವಾಟ್ಸ್‌ಆ್ಯಪ್ ಮೆಸೇಜು. ಅರ್ಧ ಆರ್ಡರ್, ಕಾಲು ಭಾಗ ‘ರೇಟ್ ಎಷ್ಟ್ರೀ?’, ಉಳಿದದ್ದು ವಾಯ್ಸ್ ನೋಟು, ಬಿಲ್ ಫೋಟೋ, ‘ನನ್ನ ಪಾರ್ಸೆಲ್ ಎಲ್ಲಿಗೆ ಬಂತು?’

ಒಂದು ಮೆಸೇಜು ಹೀಗಿರುತ್ತೆ ಅಂದ್ಕೊಳ್ಳಿ:

‘ಅಕ್ಕಾರ, ನಾಡಿದ್ದ ಮುಂಜಾನೆ ಹತ್ತಕ್ಕ 50 ಖಡಕ್ ರೊಟ್ಟಿ ಬೇಕ್ರಿ. ಶೇಂಗಾ ಚಟ್ನಿ ಅರ್ಧ ಕೆಜಿ, ಅಗಸಿ ಪಾವ್ ಕೆಜಿ. ಎಣಗಾಯಿ ಹೋದ ಸಲದಷ್ಟ ಇರ್ಲಿ. ರೊಕ್ಕ ನಮ್ಮ ತಮ್ಮ ಕೊಡ್ತಾನ.’

ಇದನ್ನ ಓದಿ, ವಹಿಯಲ್ಲಿ ಬರೆದು, ದಿನಾಂಕ ಹಾಕಿ, ‘ಆಯ್ತ್ರಿ’ ಅಂತ ಉತ್ತರ ಕಳಿಸೋಕೆ ಎರಡು ನಿಮಿಷ ಅಂದ್ರೂ ನಲವತ್ತು ಮೆಸೇಜಿಗೆ ಎಂಬತ್ತು ನಿಮಿಷ. ದಿನಾ. ಈ ಎಂಬತ್ತು ನಿಮಿಷ ಇವತ್ತಿನ ನಮ್ಮ ವಿಷಯ.

ಮೊದಲು ಒಂದು ವಹಿ, ಆಮೇಲೆ ಆ್ಯಪ್

ತುಂಬಾ ಜನ ಇಲ್ಲೇ ಎಡವೋದು. ಮೊದಲು ಆ್ಯಪ್ ಡೌನ್‌ಲೋಡ್ ಮಾಡ್ತಾರೆ, ಆಮೇಲೆ ಅದಕ್ಕೆ ಏನು ಕೆಲಸ ಕೊಡೋದು ಅಂತ ಹುಡುಕ್ತಾರೆ. ಉಲ್ಟಾ ಮಾಡಿ. ಒಂದು ವಾರ ಒಂದು ವಹಿ ಇಡಿ. ದಿನಾ ಪುನಃ ಪುನಃ ಬರೋ ಕೆಲಸ, ಅದಕ್ಕೆ ಹಿಡಿದ ಸಮಯ, ಇಷ್ಟು ಬರೆದ್ರೆ ಸಾಕು. ವಾರದ ಕೊನೆಗೆ ಆ ಪಟ್ಟಿಯನ್ನ ಮೂರು ಭಾಗ ಮಾಡಿ.

ಒಂದು, ಉತ್ತರ ಯಾವಾಗಲೂ ಒಂದೇ ಇರೋ ಕೆಲಸ. ‘ಅಂಗಡಿ ಎಷ್ಟಕ್ಕೆ ತೆಗೀತೀರಿ?’, ‘ರೇಟ್ ಎಷ್ಟು?’

ಎರಡು, ಮಾತು ಬೇರೆ ಬೇರೆ ಇದ್ರೂ ಅದರಿಂದ ತೆಗೆಯಬೇಕಾದ ವಿಷಯ ಒಂದೇ ಇರೋ ಕೆಲಸ. ಮೇಲಿನ ಆರ್ಡರ್ ಮೆಸೇಜ್ ಥರ.

ಮೂರು, ಯೋಚಿಸಿ ತೀರ್ಮಾನ ಮಾಡಬೇಕಾದ ಕೆಲಸ. ಯಾರಿಗೆ ಉದ್ರಿ ಕೊಡೋದು, ಯಾರಿಗೆ ರೇಟ್ ಇಳಿಸೋದು, ದೂರು ಬಂದಾಗ ದುಡ್ಡು ವಾಪಸ್ ಕೊಡೋದಾ ಬೇಡ್ವಾ.

ಈ ಮೂರರಲ್ಲಿ ಎಐ ಬೇಕಾಗಿರೋದು ಎರಡನೇದಕ್ಕೆ ಮಾತ್ರ.

ಮೊದಲ ಭಾಗಕ್ಕೆ ಎಐ ಬೇಕಾಗೇ ಇಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ ಅನ್ನೋ ಉಚಿತ ಆ್ಯಪ್ 2018ರಿಂದ ಇದೆ. ಅದರಲ್ಲಿ ಕ್ಯಾಟಲಾಗ್ ಹಾಕಬಹುದು, ಅಂಗಡಿ ಸಮಯ ಹಾಕಬಹುದು, ಮುಚ್ಚಿದಾಗ ತಾನಾಗೇ ಹೋಗೋ ಉತ್ತರ ಇಡಬಹುದು, ‘ಹೊಸ ಆರ್ಡರ್’, ‘ದುಡ್ಡು ಬಾಕಿ’ ಅಂತ ಲೇಬಲ್ ಅಂಟಿಸಬಹುದು. ಕ್ವಿಕ್ ರಿಪ್ಲೈ ಅಂತ ಒಂದಿದೆ. ಒಂದು ಸಲ ರೇಟ್ ಪಟ್ಟಿ ಬರೆದಿಟ್ರೆ, ಮುಂದೆ ಒಂದು ಶಾರ್ಟ್‌ಕಟ್ ಒತ್ತಿದ್ರೆ ಪೂರ್ತಿ ಪಟ್ಟಿ ಬರುತ್ತೆ. ಇಲ್ಲಿ ತಪ್ಪಾಗೋ ಅವಕಾಶ ಕಡಿಮೆ, ಯಾಕಂದ್ರೆ ನೀವು ಬರೆದಿದ್ದೇ ಹೋಗುತ್ತೆ. ರೇಟ್ ಬದಲಾದಾಗ ಅದನ್ನೂ ಬದಲಾಯಿಸಬೇಕು, ಅಷ್ಟೇ.

ಎಐ ನಿಜವಾಗಿ ಏನ್ ಮಾಡುತ್ತೆ?

ಈಗ ಎರಡನೇ ಭಾಗ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತಲ್ಲ, ಅದು ಮತ್ತು ಆಮೇಲೆ ಬಂದ ಜೆಮಿನಿ, ಕ್ಲಾಡ್ ಇವೆಲ್ಲ ಭಾಷಾ ಮಾದರಿಗಳು. ಲೆಕ್ಕವಿಲ್ಲದಷ್ಟು ಬರಹ ಓದಿಸಿ, ‘ಇಷ್ಟು ಮಾತಾದ ಮೇಲೆ ಮುಂದೆ ಯಾವ ಮಾತು ಬರೋ ಸಾಧ್ಯತೆ ಹೆಚ್ಚು’ ಅಂತ ಊಹಿಸೋಕೆ ಕಲಿಸಿರ್ತಾರೆ. ಹಾಗಾಗಿ ಚೆಲ್ಲಾಪಿಲ್ಲಿ ಇರೋ ಮಾತನ್ನ ಅಚ್ಚುಕಟ್ಟು ಪಟ್ಟಿ ಮಾಡೋದು, ಒಂದು ಧಾಟಿಯಿಂದ ಇನ್ನೊಂದು ಧಾಟಿಗೆ ತರೋದು ಅದಕ್ಕೆ ಸಲೀಸು. ಅದೇ ಕಾರಣಕ್ಕೆ, ಗೊತ್ತಿಲ್ಲದ ಕಡೆಯೂ ಅದು ನಿಲ್ಲಲ್ಲ, ಸರಿ ಅನ್ನಿಸೋ ಹಾಗೆ ಏನೋ ತುಂಬಿಸಿಬಿಡುತ್ತೆ. ಅನುಕೂಲ, ಅಪಾಯ ಎರಡೂ ಬರೋದು ಒಂದೇ ಕಡೆಯಿಂದ.

ನಮ್ಮ ಆರ್ಡರ್ ಮೆಸೇಜನ್ನ ಎಐಗೆ ಹಾಕಿ ಸುಮ್ಮನೆ ‘ಪಟ್ಟಿ ಮಾಡು’ ಅಂದ್ರೆ ಏನಾಗಬಹುದು? ‘ನಾಡಿದ್ದು’ ಅಂದ್ರೆ ಯಾವ ದಿನ? ಇವತ್ತಿನ ದಿನಾಂಕ ಅದಕ್ಕೆ ಸರಿಯಾಗಿ ಗೊತ್ತಿಲ್ಲದೆ ಇರಬಹುದು. ‘ಪಾವ್ ಕೆಜಿ’ ಅಂದ್ರೆ 250 ಗ್ರಾಂ ಅಂತ ತಿಳೀಬಹುದು, ತಿಳಿಯದೇನೂ ಇರಬಹುದು. ‘ಹೋದ ಸಲದಷ್ಟ’ ಅಂದ್ರೆ ಎಷ್ಟು ಅನ್ನೋದು ಅದಕ್ಕೆ ಗೊತ್ತಾಗೋಕೆ ಸಾಧ್ಯವೇ ಇಲ್ಲ. ಆದರೂ ‘1 ಕೆಜಿ’ ಅಂತ ಧೈರ್ಯವಾಗಿ ಬರೆದುಬಿಡಬಹುದು.

ಅದಕ್ಕೇ ಹೇಳೋ ರೀತಿ ಬದಲಾಯಿಸಬೇಕು. ಹೀಗೆ ಹೇಳಿ ನೋಡಿ:

‘ಕೆಳಗಿನ ಮೆಸೇಜುಗಳಿಂದ ಆರ್ಡರ್ ಪಟ್ಟಿ ಮಾಡು. ಕಾಲಂಗಳು: ಆರ್ಡರ್ ನಂಬರ್, ವಸ್ತು, ಪ್ರಮಾಣ, ಬೇಕಾದ ದಿನ, ಸಮಯ, ದುಡ್ಡಿನ ವಿಷಯ. ಇವತ್ತು ಈ ದಿನಾಂಕ, ಈ ವಾರ. ಪಾವ್ ಕೆಜಿ ಅಂದ್ರೆ 250 ಗ್ರಾಂ. ಮೆಸೇಜಿನಲ್ಲಿ ಇಲ್ಲದ್ದನ್ನ ಸೇರಿಸಬೇಡ. ಸ್ಪಷ್ಟ ಇಲ್ಲದ ಕಡೆ “ಕೇಳಬೇಕು” ಅಂತ ಬರೆ.’

ಕೊನೆಯ ಎರಡು ಸಾಲು ತುಂಬಾ ಮುಖ್ಯ. ಈಗ ಎಣಗಾಯಿ ಮುಂದೆ ‘ಕೇಳಬೇಕು’ ಅಂತ ಬರೋ ಸಾಧ್ಯತೆ ಹೆಚ್ಚು. ಮಗ ಅಡುಗೆಮನೆ ಕಡೆ ತಿರುಗಿ, ‘ಯವ್ವಾ, ಇವ್ರು ಹೋದ ಸಲ ಎಣಗಾಯಿ ಎಷ್ಟ ತಗೊಂಡಿದ್ರು?’ ಅಂತ ಕೇಳ್ತಾನೆ. ‘ಮೂವತ್ತ ಮಂದಿಗೆ ಆಗೂವಷ್ಟ ಕೊಟ್ಟಿದ್ವಲ್ಲ, ಅವ್ರ ಮನ್ಯಾಗ ಕುಬಸದ ಕಾರ್ಯಕ್ರಮ ಇತ್ತು’ ಅಂತ ಅಮ್ಮ ಒಂದೇ ಉಸಿರಲ್ಲಿ ಹೇಳ್ತಾರೆ. ಈ ನೆನಪು ಯಾವ ಆ್ಯಪ್‌ನಲ್ಲೂ ಇಲ್ಲ. ಎಐ ಮಾಡಬೇಕಾದ್ದು ಅಮ್ಮನಿಗೆ ಕೇಳಬೇಕಾದ ಪ್ರಶ್ನೆಗಳನ್ನ ನಲವತ್ತರಿಂದ ಆರಕ್ಕೆ ಇಳಿಸೋದು. ಅಮ್ಮನ ಬದಲು ತಾನೇ ಉತ್ತರ ಕೊಡೋದಲ್ಲ.

ಉದ್ರಿ ಕೇಳೋ ಪತ್ರ

ಎರಡನೇ ಭಾಗದಲ್ಲೇ ಬರೋ ಇನ್ನೊಂದು ಕೆಲಸ, ಬಾಕಿ ವಸೂಲಿ. ‘ನಿಮ್ಮ ಕಡೆ ದುಡ್ಡು ಬರಬೇಕಿತ್ತು’ ಅಂತ ಬರೆಯೋಕೆ ಸಂಕೋಚ. ಬರೆಯದೇ ಹೋದ್ರೆ ತಿಂಗಳು ಉರುಳುತ್ತೆ. ಇಲ್ಲಿ ಎಐ ಕೈಲಿ ಮೂರು ಕರಡು ಬರೆಸಿಟ್ಕೋಬಹುದು: ಒಂದು ನಯವಾಗಿ ನೆನಪಿಸೋದು, ಒಂದು ಸ್ವಲ್ಪ ಬಿಗಿಯಾಗಿ, ಒಂದು ಕಾನೂನಿನ ಧಾಟಿಯಲ್ಲಿ. ಮೊದಲ ಕರಡು ಬಂದಾಗ ಗಟ್ಟಿಯಾಗಿ ಓದಿ. ಎಐ ಬರೆಯೋ ಕನ್ನಡ ಎಷ್ಟೋ ಸಲ ಸರ್ಕಾರಿ ಸುತ್ತೋಲೆ ಥರ ಇರುತ್ತೆ. ಹದಿನೈದು ವರ್ಷದ ಗಿರಾಕಿಗೆ ‘ತಾವು ಪಾವತಿಸಬೇಕಾಗಿ ವಿನಂತಿ’ ಅಂತ ಹೋದ್ರೆ, ‘ಇವ್ರಿಗೆ ಏನಾತು?’ ಅಂತ ಅವರಿಗೆ ಬೇಜಾರಾಗುತ್ತೆ. ನಿಮ್ಮ ಹಳೇ ಮೆಸೇಜ್ ಎರಡು ಮೂರನ್ನ ಮಾದರಿಗೆ ಕೊಟ್ಟು, ‘ಈ ಧಾಟಿಯಲ್ಲಿ ಬರೆ’ ಅನ್ನಿ. ವ್ಯತ್ಯಾಸ ಕಾಣುತ್ತೆ.

ಇಲ್ಲೊಂದು ಕಾನೂನು ಗೊತ್ತಿರಲಿ. ನಿಮ್ಮದು ಉದ್ಯಮ್ ನೋಂದಣಿ ಇರೋ ಅತಿಸಣ್ಣ ಅಥವಾ ಸಣ್ಣ ತಯಾರಿಕಾ ಘಟಕ ಆಗಿದ್ರೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಮಾಲು ತಗೊಂಡ ಕಂಪನಿಯೋ ಹೋಟೆಲ್ಲೋ ಒಪ್ಪಂದದಲ್ಲಿರೋ ದಿನದೊಳಗೆ ದುಡ್ಡು ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ರೆ 15 ದಿನ. ತಡ ಮಾಡಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತೆ. ಮೂರನೇ ಕರಡಿಗೆ ಬಲ ಬರೋದು ಇದರಿಂದ. ಆದರೆ ಅದನ್ನ ಕಳಿಸಬೇಕಾ, ಯಾರಿಗೆ ಕಳಿಸಬೇಕು, ಇದು ನಿಮ್ಮ ಮನೆಯವರ ತೀರ್ಮಾನ.

ಲೆಕ್ಕದ ಪಾಠ: 2025ರ ಜುಲೈ

ಈಗ ಲೆಕ್ಕಕ್ಕೆ ಬರೋಣ. 2025ರ ಜುಲೈನಲ್ಲಿ ಕರ್ನಾಟಕದಲ್ಲಿ ಆಗಿದ್ದು ನಿಮಗೆ ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಮಾಹಿತಿ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿ, ಟೀ ಅಂಗಡಿ ಎಲ್ಲರೂ ಗಾಬರಿ. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಹೋಗಿ ‘ನಗದು ಮಾತ್ರ’ ಅನ್ನೋ ಚೀಟಿ ಬಂತು. ಆಮೇಲೆ ಸರ್ಕಾರ ವ್ಯಾಪಾರಿಗಳ ಜೊತೆ ಮಾತುಕತೆ ನಡೆಸಿತು.

ನಿಯಮ ಏನು? ಸರಕು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡೋರಿಗೆ 20 ಲಕ್ಷ ರೂಪಾಯಿ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ವಸ್ತು ಮಾತ್ರ ಮಾರೋರಿಗೆ ನೋಂದಣಿ ಕಡ್ಡಾಯ ಅಲ್ಲ. ಸಮಸ್ಯೆ ಆಗಿದ್ದು ಎಲ್ಲಿ ಅಂದ್ರೆ, ಎಷ್ಟೋ ಜನರ ಒಂದೇ ಖಾತೆಗೆ ವ್ಯಾಪಾರದ ದುಡ್ಡು, ಗೆಳೆಯ ವಾಪಸ್ ಕೊಟ್ಟ ಸಾಲ, ಮನೆಯವರು ಕಳಿಸಿದ ಹಣ ಎಲ್ಲ ಬಂದು ಬಿದ್ದಿತ್ತು. ‘ಇದರಲ್ಲಿ ವ್ಯಾಪಾರದ್ದು ಎಷ್ಟು, ತೆರಿಗೆ ಇಲ್ಲದ್ದು ಎಷ್ಟು?’ ಅಂತ ಕೇಳಿದಾಗ ತೋರಿಸೋಕೆ ಕಾಗದ ಇರಲಿಲ್ಲ.

ಇಲ್ಲಿ ಎಐ ಹೇಗೆ ಸಹಾಯ ಮಾಡುತ್ತೆ? ಬಿಲ್‌ನ ಫೋಟೋ ಕೊಟ್ರೆ ದಿನಾಂಕ, ಅಂಗಡಿ, ಮೊತ್ತ ಅಂತ ಸಾಲು ಸಾಲಾಗಿ ಬರೆದುಕೊಡುತ್ತೆ. ಬಂದ ಹಣದ ಪಟ್ಟಿ ಕೊಟ್ರೆ ‘ವ್ಯಾಪಾರ’, ‘ಸ್ವಂತ’, ‘ಕೇಳಬೇಕು’ ಅಂತ ವಿಂಗಡಣೆ ಸೂಚಿಸುತ್ತೆ. ನೀವು ನೋಡಿ ಸರಿಮಾಡಿ ಸೇವ್ ಮಾಡ್ತೀರಿ. ರಾತ್ರಿ ಹತ್ತು ನಿಮಿಷದ ಕೆಲಸ. ವರ್ಷದ ಕೊನೆಗೆ ಲೆಕ್ಕಿಗರ ಮುಂದೆ ಚೀಲ ತುಂಬಾ ಚೀಟಿ ಸುರಿಯೋದು ತಪ್ಪುತ್ತೆ.

ಆದರೆ ಎರಡು ಎಚ್ಚರಿಕೆ.

ಒಂದು, ಕೂಡಿಸೋ ಕೆಲಸ ಎಐ ಮಾತಿಗೆ ಬಿಡಬೇಡಿ. ಭಾಷಾ ಮಾದರಿ ಸಂಖ್ಯೆಯನ್ನೂ ಮಾತಿನ ಹಾಗೇ ಊಹಿಸುತ್ತೆ. ಕೆಲವು ಆ್ಯಪ್‌ಗಳು ಒಳಗೆ ಬೇರೆ ಪ್ರೋಗ್ರಾಂ ಓಡಿಸಿ ಸರಿಯಾಗಿ ಕೂಡಿಸ್ತವೆ, ಆದರೆ ಪ್ರತಿ ಸಲ ಹಾಗೇ ಮಾಡ್ತವೆ ಅನ್ನೋ ಖಾತರಿ ಇಲ್ಲ. ಸಾಲುಗಳನ್ನ ಎಕ್ಸೆಲ್‌ಗೋ ಗೂಗಲ್ ಶೀಟ್ಸ್‌ಗೋ ಹಾಕಿ, ಮೊತ್ತ ಅಲ್ಲಿ ತೆಗೀರಿ. ಫೋಟೋದಲ್ಲಿ 1,850 ಇದ್ದದ್ದು 1,350 ಅಂತ ಬಂದಿದೆಯಾ ಅಂತಾನೂ ಕಣ್ಣಾಡಿಸಿ.

ಎರಡು, ತೆರಿಗೆ ದರ ಎಐ ಹತ್ತಿರ ಕೇಳಿ ಬಿಲ್ ಮಾಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ದೊಡ್ಡ ಮಟ್ಟದಲ್ಲಿ ಬದಲಾದವು. ಹೆಚ್ಚಿನ ವಸ್ತುಗಳು ಶೇ. 5 ಮತ್ತು ಶೇ. 18ರ ಎರಡು ಹಂತಕ್ಕೆ ಬಂದವು. ಎಐ ಓದಿರೋದು ಹಳೇ ಬರಹ ಆಗಿದ್ರೆ ಹಳೇ ದರಾನೇ ಹೇಳುತ್ತೆ, ಅದೂ ಒಂಚೂರು ಅನುಮಾನ ಇಲ್ಲದ ಧಾಟಿಯಲ್ಲಿ. ದರಕ್ಕೆ ನಿಮ್ಮ ಲೆಕ್ಕಿಗರು ಅಥವಾ ಜಿಎಸ್‌ಟಿಯ ಅಧಿಕೃತ ಜಾಲತಾಣ, ಇವೆರಡೇ.

ಬಾಟ್ ಕೊಟ್ಟ ಮಾತು ಯಾರ ಮಾತು?

‘ಇಷ್ಟೆಲ್ಲ ಯಾಕೆ, ಗಿರಾಕಿಗೆ ನೇರವಾಗಿ ಎಐನೇ ಉತ್ತರ ಕೊಡೋ ಹಾಗೆ ಬಾಟ್ ಹಾಕಿಬಿಟ್ರೆ?’ ಅಂತ ನೀವು ಕೇಳಬಹುದು. ಅದಕ್ಕೆ ಎರಡು ನಿಜವಾದ ಕತೆ.

ಕೆನಡಾದಲ್ಲಿ ಒಬ್ಬ ಪ್ರಯಾಣಿಕರು ಅಜ್ಜಿ ತೀರಿಕೊಂಡಾಗ ಏರ್ ಕೆನಡಾದ ಚಾಟ್‌ಬಾಟ್ ಹತ್ತಿರ ರಿಯಾಯಿತಿ ಬಗ್ಗೆ ಕೇಳಿದ್ರು. ಟಿಕೆಟ್ ತಗೊಂಡ ಮೇಲೂ 90 ದಿನದೊಳಗೆ ಅರ್ಜಿ ಹಾಕಬಹುದು ಅಂತ ಅದು ಹೇಳಿತು. ಕಂಪನಿಯ ನಿಯಮ ಹಾಗಿರಲಿಲ್ಲ. ದುಡ್ಡು ಕೊಡಲ್ಲ ಅಂತು ಕಂಪನಿ. ಚಾಟ್‌ಬಾಟ್ ಹೇಳಿದ್ದಕ್ಕೆ ನಾವು ಹೊಣೆ ಅಲ್ಲ ಅಂತಲೂ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನ ಒಪ್ಪಲಿಲ್ಲ. ನಿಮ್ಮ ಜಾಲತಾಣದಲ್ಲಿ ಇರೋ ಮಾತಿಗೆ ನೀವೇ ಹೊಣೆ, ಪರಿಹಾರ ಕೊಡಿ ಅಂತು.

ಅದಕ್ಕೂ ಸ್ವಲ್ಪ ಮೊದಲು, 2023ರ ಡಿಸೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಒಂದು ಷೆವರ್ಲೆ ಕಾರು ಮಳಿಗೆಯ ಬಾಟನ್ನ ಒಬ್ಬರು ಮಾತಲ್ಲೇ ಮರುಳು ಮಾಡಿ, ದೊಡ್ಡ ಕಾರೊಂದನ್ನ ಒಂದು ಡಾಲರ್‌ಗೆ ಕೊಡೋಕೆ ‘ಒಪ್ಪಿಸಿದ್ರು’. ಕಾರೇನೂ ಸಿಗಲಿಲ್ಲ, ಮಳಿಗೆಗೆ ಮಾತ್ರ ನಗೆಪಾಟಲು.

ದೊಡ್ಡ ಕಂಪನಿ ಇಂಥದ್ದನ್ನ ತಡ್ಕೊಳ್ಳುತ್ತೆ. ಓಣಿಯ ಅಂಗಡಿಗೆ ಇರೋ ಬಂಡವಾಳವೇ ಮಾತು. ಅದಕ್ಕೇ ಒಂದು ಗೆರೆ ಎಳ್ಕೊಳ್ಳಿ: ರೇಟು, ಕೊಡೋ ದಿನ, ದುಡ್ಡು ವಾಪಸ್, ದೂರು, ಇವಕ್ಕೆ ಮನುಷ್ಯರೇ ಉತ್ತರ ಕೊಡಬೇಕು. ತಿನ್ನೋ ವಸ್ತು ಮಾರೋರಾದ್ರೆ ಇನ್ನೊಂದು ಸೇರಿಸಿ. ‘ಇದರಲ್ಲಿ ಶೇಂಗಾ ಐತೇನ್ರಿ? ನಮ್ಮ ಹುಡುಗಗ ಆಗಂಗಿಲ್ಲ’ ಅಂತ ಬಂದ ಪ್ರಶ್ನೆಗೆ ಎಐ ಉತ್ತರ ಕೊಡಲೇಬಾರದು. ಅಗಸಿ ಚಟ್ನಿಯಲ್ಲಿ ಶೇಂಗಾ ಇಲ್ಲದೇ ಇರಬಹುದು. ಆದರೆ ಅದೇ ಮಿಕ್ಸಿಯಲ್ಲಿ ಬೆಳಗ್ಗೆ ಶೇಂಗಾ ಪುಡಿ ಮಾಡಿದ್ದು ಅಮ್ಮನಿಗೆ ಮಾತ್ರ ಗೊತ್ತು. ಇಲ್ಲಿ ತಪ್ಪಾದ್ರೆ ಹೋಗೋದು ದುಡ್ಡಲ್ಲ, ಮಗುವಿನ ಜೀವಕ್ಕೇ ಕುತ್ತು.

ಗಿರಾಕಿಯ ನಂಬರ್ ನಿಮ್ಮ ಆಸ್ತಿ ಅಲ್ಲ

ಗಿರಾಕಿಯ ಹೆಸರು, ನಂಬರ್, ಮನೆ ವಿಳಾಸ ನಿಮಗೆ ಕೊಟ್ಟಿರೋದು ಪಾರ್ಸೆಲ್ ತಲುಪಲಿ ಅಂತ. ಎಐ ಆ್ಯಪ್‌ಗೆ ಹಾಕೋ ಮೊದಲು ಅವನ್ನೆಲ್ಲ ತೆಗೆದು ‘ಆರ್ಡರ್ 1’, ‘ಆರ್ಡರ್ 2’ ಅಂತ ಮಾಡಿ. ನಂಬರ್‌ಗೂ ಹೆಸರಿಗೂ ತಾಳೆ ನಿಮ್ಮ ವಹಿಯಲ್ಲಿರಲಿ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮಾತನ್ನ ತರಬೇತಿಗೆ ಬಳಸಬೇಡಿ ಅನ್ನೋ ಆಯ್ಕೆ ಇದೆಯಾ ಅಂತ ನೋಡಿ, ಇದ್ರೆ ಆರಿಸಿ. ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟ ಆಗಿವೆ. ಕಾನೂನು ಬದಿಗಿಟ್ರೂ ಒಂದು ಮಾತು: ನಿಮ್ಮ ನಂಬರನ್ನ ಬೇರೆ ಅಂಗಡಿಯವರು ಎಲ್ಲೆಲ್ಲೋ ಹಾಕಿದ್ರೆ ನಿಮಗೆ ಹೇಗನ್ನಿಸುತ್ತೆ? ಒಟಿಪಿ, ಯುಪಿಐ ಪಿನ್, ಬ್ಯಾಂಕ್ ಪಾಸ್‌ವರ್ಡ್ ಅಂತೂ ಯಾವ ಆ್ಯಪ್‌ನ ಚಾಟ್‌ನಲ್ಲೂ ಬರಬಾರದು.

ಇಪ್ಪತ್ತು ಹಳೇ ಮೆಸೇಜಿನ ಪರೀಕ್ಷೆ

‘ನಮ್ಮ ಕಡೆ ಕನ್ನಡ ಎಐಗೆ ಅರ್ಥ ಆಗುತ್ತಾ?’ ಒಳ್ಳೇ ಪ್ರಶ್ನೆ. ಮಾದರಿಗಳು ಓದಿರೋ ಬರಹದಲ್ಲಿ ಇಂಗ್ಲಿಷಿಗೆ ಹೋಲಿಸಿದ್ರೆ ಕನ್ನಡ ಕಡಿಮೆ, ಅದರಲ್ಲೂ ಆಡುಮಾತು ಇನ್ನೂ ಕಡಿಮೆ. ಹುಬ್ಬಳ್ಳಿ, ಕುಂದಾಪುರ, ಚಾಮರಾಜನಗರ, ಮೂರು ಕಡೆಯ ವಾಯ್ಸ್ ನೋಟ್ ಮೂರು ಥರ ಇರುತ್ತೆ. ಅದರ ಮೇಲೆ ಹಿಂದೆ ಕುಕ್ಕರ್ ಸೀಟಿ.

ಅದಕ್ಕೆ ಯಾರದೋ ವಿಡಿಯೋ ನೋಡಿ ನಂಬಬೇಡಿ, ನೀವೇ ಪರೀಕ್ಷೆ ಮಾಡಿ. ಆಗಲೇ ಮುಗಿದುಹೋದ ಇಪ್ಪತ್ತು ಹಳೇ ಆರ್ಡರ್ ತಗೊಳ್ಳಿ. ಸರಿ ಉತ್ತರ ನಿಮ್ಮ ವಹಿಯಲ್ಲಿ ಇದ್ದೇ ಇದೆ. ಹೆಸರು, ನಂಬರ್ ತೆಗೆದು ಎಐಗೆ ಕೊಡಿ. ಎಷ್ಟು ಸರಿ, ಎಷ್ಟು ತಪ್ಪು, ಎಷ್ಟು ಕಡೆ ‘ಕೇಳಬೇಕು’ ಅಂತ ಬಂತು, ಎಣಿಸಿ. ತಪ್ಪಿನಲ್ಲೂ ಎರಡು ಥರ. ಊರಿನ ಹೆಸರಿನ ಕಾಗುಣಿತ ತಪ್ಪಿದ್ರೆ ನಡೆಯುತ್ತೆ. 50 ರೊಟ್ಟಿ 15 ಆದ್ರೆ ನಡೆಯಲ್ಲ, ಆ ಮನೆಯಲ್ಲಿ ಊಟಕ್ಕೆ ಮಂದಿ ಕೂತಿರ್ತಾರೆ. ಎರಡನೇ ಥರದ ತಪ್ಪು ಇಪ್ಪತ್ತರಲ್ಲಿ ಒಂದು ಬಂದ್ರೂ, ಪ್ರತಿ ಸಾಲನ್ನೂ ಮನುಷ್ಯರು ನೋಡದೆ ಮುಂದಕ್ಕೆ ಹೋಗಬಾರದು.

ಆಗ ಉಳಿಯೋದೇನು ಅಂತ ಲೆಕ್ಕ ಹಾಕಿ. ನಲವತ್ತು ಮೆಸೇಜಿಗೆ ಮೊದಲು ಎಂಬತ್ತು ನಿಮಿಷ. ಈಗ ಎಐಗೆ ಹಾಕೋಕೆ ಹತ್ತು ನಿಮಿಷ, ಪ್ರತಿ ಸಾಲು ನೋಡೋಕೆ ಅರ್ಧ ನಿಮಿಷದಂತೆ ಇಪ್ಪತ್ತು. ಒಟ್ಟು ಮೂವತ್ತು. ದಿನಕ್ಕೆ ಐವತ್ತು ನಿಮಿಷ ಉಳೀತು. ನಿಮ್ಮ ಅಂಗಡಿಯಲ್ಲಿ ಬರೋದು ದಿನಕ್ಕೆ ಐದೇ ಮೆಸೇಜ್ ಅಂದ್ರೆ? ಎಐ ಬೇಡ, ಪೆನ್ನು ಸಾಕು. ಹಾಗಂತ ತೀರ್ಮಾನ ಮಾಡೋದೂ ಈ ಪರೀಕ್ಷೆಯ ಒಳ್ಳೇ ಫಲಿತಾಂಶವೇ.

ಉಳಿದ ಐವತ್ತು ನಿಮಿಷ

ಕೊನೆಯದಾಗಿ, ಸಹಾಯಕ್ಕೆ ಬರೋರ ವಿಷಯ. ಎಷ್ಟೋ ಅಂಗಡಿಯಲ್ಲಿ ವಹಿ ಬರೆಯೋಕೆ, ಫೋನ್ ಎತ್ತೋಕೆ ಒಬ್ಬರು ಇರ್ತಾರೆ. ಎಐ ಬಂತು ಅಂತ ಅವರನ್ನ ಬಿಡಿಸೋದು ಸುಲಭವಾಗಿ ಕಾಣುತ್ತೆ. ಆದರೆ ಎಐ ಮಾಡಿದ ಪಟ್ಟಿಯಲ್ಲಿ ತಪ್ಪು ಹಿಡಿಯೋಕೆ ಬರೋದು ಅವರಿಗೇ. ಯಾವ ಗಿರಾಕಿ ‘ಸ್ವಲ್ಪ’ ಅಂದ್ರೆ ಎಷ್ಟು ಅಂತ ಗೊತ್ತಿರೋದೂ ಅವರಿಗೇ. ಹಾಗಾಗಿ ಪಟ್ಟಿ ಪರಿಶೀಲಿಸೋ ಕೆಲಸ ಅವರಿಗೆ ಕಲಿಸಿ. ಪರೀಕ್ಷೆ ಇದ್ದ ದಿನ ನೀವು ಫೋನ್ ಹಿಡಿಯೋಕಾಗದಿದ್ರೂ ಅಂಗಡಿ ನಡೆಯುತ್ತೆ.

ನಮ್ಮ ಹುಬ್ಬಳ್ಳಿಯ ಮನೆಯಲ್ಲಿ ಆ ಐವತ್ತು ನಿಮಿಷ ಏನಾಗಬೇಕು? ಇನ್ನೂ ಹತ್ತು ಆರ್ಡರ್ ಹಿಡಿಯಬಹುದು. ಮಗ ಓದಿಕೊಳ್ಳಬಹುದು. ಬೆಳಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಕಲಸೋ ಅಮ್ಮ ಐವತ್ತು ನಿಮಿಷ ಮುಂಚೆ ಮಲಗಬಹುದು. ಯಾವುದು ಅಂತ ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನ ಮಾಡಿ. ಇಲ್ಲದಿದ್ರೆ ಆ ಸಮಯವನ್ನೂ ಫೋನೇ ತಿಂದುಹಾಕುತ್ತೆ, ಅದು ನಿಮಗೂ ಗೊತ್ತು, ನನಗೂ ಗೊತ್ತು.

ಈ ವಾರಕ್ಕೆ ಒಂದೇ ಕೆಲಸ. ಆ್ಯಪ್ ಏನೂ ಹಾಕಬೇಡಿ. ವಹಿ ತೆಗೀರಿ, ಏಳು ದಿನ ಬರೀರಿ, ಮೂರು ಭಾಗ ಮಾಡಿ. ಎರಡನೇ ಭಾಗದಲ್ಲಿ ಅತಿ ಹೆಚ್ಚು ಸಮಯ ತಿನ್ನೋ ಒಂದು ಕೆಲಸ ಆರಿಸಿ, ಇಪ್ಪತ್ತು ಹಳೇ ಉದಾಹರಣೆ ಮೇಲೆ ಪರೀಕ್ಷೆ ಮಾಡಿ. ಏನಾಯ್ತು ಅಂತ ನಮಗೂ ಒಂದು ವಾಯ್ಸ್ ನೋಟ್ ಕಳಿಸಿ. ಕುಕ್ಕರ್ ಸೀಟಿ ಇದ್ರೂ ಪರವಾಗಿಲ್ಲ, ನಾವು ಕೇಳಿಸ್ಕೋತೀವಿ.